ಸ್ಪ್ಯಾಮ್ ಡಬ್ಬಿಯೊಳಗಿನ ಆಪೂಸ್

ಆ ವರ್ಷ ಮುಂಡಗೋಡದ ಹತ್ತಿರದ ಇಂದೂರಿನ ಸುತ್ತಲಿನ ತೋಟಗಳಲ್ಲಿ ಆಪೂಸ್ ಮಾವು ಎಲ್ಲ ಕಡೆ ಒಂದೇ ಸಲಕ್ಕೆ ಬಲಿತುಬಿಟ್ಟಿತು. ಬೇರೆ ವರ್ಷಗಳಲ್ಲಿ ಒಂದು ತೋಟದ ಕೊಯ್ಲು ಮುಗಿಯುವ ಹೊತ್ತಿಗೆ ಇನ್ನೊಂದರದು ಶುರುವಾಗುತ್ತದೆ, ಹಣ್ಣು ಸರದಿಯ ಮೇಲೆ ಪೇಟೆ ಸೇರುತ್ತದೆ. ಈ ಸಲ ಹಾಗಾಗಲಿಲ್ಲ. ಮಾವು ಬೆಳೆಗಾರರ ಸಂಘದ ಅಧ್ಯಕ್ಷರು ಬೆಳಗಿನ ಬಸ್ ಹಿಡಿದು, ಹಳಿಯಾಳದಲ್ಲಿ ಇಳಿದು ಇನ್ನೊಂದು ಬಸ್ ಹತ್ತಿ, ದಾಂಡೇಲಿಯ ನನ್ನ ಅಂಗಡಿಗೆ ಬಂದು ಕುಳಿತರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಕೊಟ್ಟ ನೀರನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದರು.

“ಯವ್ವಾ, ನಮಗ ಗಿರಾಕಿ ಬೇಕು. ಈ ವಾರನ ಬೇಕು.”

ನನ್ನದು ಡಿಟಿಪಿ ಅಂಗಡಿ. ಬಿಲ್ ಬುಕ್ಕು, ಬ್ಯಾನರು, ಲಗ್ನಪತ್ರಿಕೆ ಇವೆಲ್ಲದರ ಜೊತೆಗೆ ಕೆಲವು ವರ್ಷಗಳಿಂದ ಸುತ್ತಮುತ್ತಲಿನ ಸಣ್ಣ ವ್ಯಾಪಾರದವರಿಗೆ ಇ-ಮೇಲ್ ಕಳಿಸಿಕೊಡುವ ಕೆಲಸವನ್ನೂ ಮಾಡುತ್ತೇನೆ. ಇಂದೂರು ನನ್ನ ತವರು, ಅಧ್ಯಕ್ಷರು ನಮ್ಮಪ್ಪನ ಗೆಳೆಯರು, ನನಗೆ ಕಾಕಾ. ಮುಂಡಗೋಡದಿಂದ ಹುಬ್ಬಳ್ಳಿ ಹತ್ತಿರವಿದ್ದರೂ ಅವರು ಕಾಡು ದಾಟಿ ನನ್ನ ಅಂಗಡಿಗೇ ಬರುವುದು ಆ ಸಲಿಗೆಯಿಂದ.

ಸಂಘದ ‘ಮಾವಿನ ಪತ್ರ’ವನ್ನು ನಾನೇ ಕಳಿಸುತ್ತಿದ್ದೆ. ಯಾವ ತೋಟದಲ್ಲಿ ಈ ವಾರ ಕೊಯ್ಲು, ಪೆಟ್ಟಿಗೆಗಳು ಧಾರವಾಡಕ್ಕೆ ಯಾವಾಗ ಬರುತ್ತವೆ, ಎಲ್ಲಿ ಬಂದು ತೆಗೆದುಕೊಳ್ಳಬೇಕು ಎಂದು ವಾರಕ್ಕೊಂದು ಪುಟ್ಟ ಮೇಲ್. ಮೊದಲು ಮೊಬೈಲಿನಲ್ಲಿ ಒಂದು ಗುಂಪು ಮಾಡಿದ್ದೆವು. ಅದರಲ್ಲಿ ಮಾವಿನ ಸುದ್ದಿಗಿಂತ ಶುಭೋದಯದ ಹೂವುಗಳೇ ಹೆಚ್ಚಾಗಿ, ಗಿರಾಕಿಗಳೇ ಬೇಸತ್ತು ‘ಮೇಲ್ ಕಳಿಸಿ, ಸಾಕು’ ಎಂದಿದ್ದರು. ಹಾಗೆ ಕೇಳಿ ಸೇರಿದವರು ಸ್ವಲ್ಪವೇ ಜನ, ಆದರೆ ಪತ್ರ ಹೋದ ಕೂಡಲೇ ತೆರೆಯುವವರು.

“ಇವ್ರಿಷ್ಟ ಸಾಲೂದಿಲ್ಲ,” ಎಂದು ಕಾಕಾ ಅಂಗಿಯ ಕಿಸೆಯಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. “ಇದರಾಗ ಧಾರವಾಡದ ಮಂದಿದು ಮೇಲ್ ವಿಳಾಸ ಅದಾವ. ಹಣ್ಣಿನ ಪ್ರದರ್ಶನಕ್ಕ ಬಂದವ್ರು, ತಮ್ಮ ಕೈಯಾರೆ ಬರದು ಕೊಟ್ಟಾರ. ನನ್ನ ಪರಿಚಯದವ್ರ ಪ್ರದರ್ಶನಾ ಮಾಡಿದ್ದು.”

ತೆರೆದು ನೋಡಿದೆ. ಪುಟಗಟ್ಟಲೆ ವಿಳಾಸಗಳು.

“ಕಾಕಾ, ಇವ್ರ್ಯಾರೂ ನಮ್ಮ ಪತ್ರಾ ಕೇಳಿಲ್ಲಲ್ರಿ. ಕೇಳದ ಕಳಿಸಿದ್ರ ಸ್ಪ್ಯಾಮ್ ಆಗತೈತಿ.”

“ಹಂಗಂದ್ರ?”

“ಕಸಾ ಅಂದಂಗ. ಯಾರೂ ಕೇಳದಿದ್ರೂ ಮಂದಿ ಮನಿ ಮುಂದ ಒಗದು ಹೋಗೂದು.”

“ಆಪೂಸ್ ಹಣ್ಣಿಗೆ ಕಸಾ ಅಂತಿಯಲ್ಲ, ನಿಮ್ಮಪ್ಪ ಕೇಳಿದ್ರ ಏನಂದಾನು!”

ನಗು ಬಂತು, ಆದರೆ ಒಪ್ಪಲು ಮನಸ್ಸಾಗಲಿಲ್ಲ. ಅತ್ತ ಇಂದೂರಿನಲ್ಲಿ ಕೊಯ್ದ ಕಾಯಿಯನ್ನು ಭತ್ತದ ಹುಲ್ಲಿನ ಮೇಲೆ ಹಾಸಿ ಹಣ್ಣಿಗೆ ಹಾಕಿದ್ದಾರೆ. ವಾರ ಕಳೆದರೆ ಹಣ್ಣಾಗಿ ನಿಲ್ಲುತ್ತದೆ, ಆಮೇಲೆ ಕಾಯುವುದಿಲ್ಲ. ಸಗಟು ವ್ಯಾಪಾರಿಗೆ ಈ ಸಂಕಟ ಗೊತ್ತಿದ್ದುದರಿಂದ ಅವನು ಆರಾಮಾಗಿ ಫೋನ್ ಎತ್ತದೆ ಕೂತಿದ್ದನಂತೆ. ನಾನು ಯೋಚಿಸಿ ಒಂದು ನಡುದಾರಿ ಹುಡುಕಿದೆ.

“ಹಿಂಗ ಮಾಡೂಣ್ರಿ. ಇವ್ರಿಗೆ ಪತ್ರಾನ ಕಳಸೂದು ಬ್ಯಾಡ. ‘ನಮ್ಮ ಪತ್ರಕ್ಕ ಸೇರ್ಕೋತೀರೇನು’ ಅಂತ ಒಂದ ಒಂದು ಆಮಂತ್ರಣ ಕಳಸೂಣು. ಹೌದಂದವ್ರಿಗೆ ಮುಂದ ಪತ್ರ, ಸುಮ್ನಿದ್ದವ್ರಿಗೆ ಇಲ್ಲ.”

“ಅದನ್ನ ನಾನೂ ಹೇಳಿದ್ದು,” ಎಂದರು ಕಾಕಾ. ಆಗ ನೀರು ಕುಡಿದರು. “ಬರ್ರಿ ಅಂತ ಕರದ್ರ ಯಾರಿಗೆ ಸಿಟ್ಟು ಬರತೈತಿ?”

ಆ ಇಡೀ ದಿನ ಆಮಂತ್ರಣ ಬರೆಯುವುದರಲ್ಲಿ ಹೋಯಿತು. ಕಾಕಾನಿಗೆ ಮೇಲಿನಿಂದ ಕೆಳಗಿನವರೆಗೆ ಹಣ್ಣಿನ ಫೋಟೋ ಬೇಕಿತ್ತು. ಬರೀ ಚಿತ್ರ ತುಂಬಿದ ಮೇಲನ್ನು ಕಂಡರೆ ಮೇಲ್ ಕಂಪನಿಗಳ ಜರಡಿಗೆ ಅನುಮಾನ ಬರುತ್ತದೆ ಎಂದು ತಿಳಿಸಿ, ಒಂದೇ ಫೋಟೋಕ್ಕೆ ಒಪ್ಪಿಸಿದೆ. ‘ಹೌದು, ಕಳಿಸಿ’ ಎಂದು ಒಂದು ಗುಂಡಿ, ಅದರ ಕೆಳಗೆ ‘ಬೇಡ, ಇನ್ನು ಬರೆಯಬೇಡಿ’ ಎಂದು ಇನ್ನೊಂದು. ಕೊನೆಗೆ ಅಂಗಡಿಯ ವಿಳಾಸ, ಫೋನ್ ನಂಬರು. ಕಳಿಸಿದವರು ಯಾರೆಂದು ಬಚ್ಚಿಡಬಾರದೆಂಬುದು ಈ ಕೆಲಸದ ಮೊದಲ ನಿಯಮ. ವಿಳಾಸಗಳನ್ನು ಸಣ್ಣ ಸಣ್ಣ ಕಂತುಗಳಾಗಿ ಒಡೆದೆ. ಒಮ್ಮೆಗೇ ರಾಶಿ ಮೇಲ್ ಹೊರಟರೆ ಅದೂ ಅನುಮಾನಕ್ಕೆ ದಾರಿ.

ಮರುದಿನ ಬೆಳಿಗ್ಗೆ ಮೊದಲ ಕಂತು ಬಿಟ್ಟೆ. ಕಾಕಾ ರಾತ್ರಿ ನಮ್ಮ ಮನೆಯಲ್ಲೇ ಉಳಿದಿದ್ದರು. ಸ್ನಾನ, ಪೂಜೆ ಮುಗಿಸಿ ಬಂದು ಪರದೆಯ ಮುಂದೆ ಕ್ರಿಕೆಟ್ ನೋಡುವವರಂತೆ ಕೂತರು. ‘ಹೌದು, ಕಳಿಸಿ’ ಒತ್ತಿದವರ ಹೆಸರು ಒಂದೊಂದೇ ಕಾಣಿಸಿಕೊಂಡಾಗಲೆಲ್ಲ ತೊಡೆ ತಟ್ಟಿದರು. ಒಬ್ಬರು ‘ಬಹಳ ಸಂತೋಷ, ಎರಡು ಪೆಟ್ಟಿಗೆ ಬೇಕು’ ಎಂದು ಉತ್ತರವನ್ನೇ ಬರೆದರು.

“ನೋಡು ಮತ್ತ. ಕಸಾ ಅಂದಿ!”

ನಾನು ನೋಡುತ್ತಿದ್ದದ್ದು ಬೇರೆ ಎರಡು ಅಂಕಣಗಳನ್ನು. ಒಂದು, ವಾಪಸು ಬಂದ ಮೇಲ್‌ಗಳದು. ಕೈಬರಹದ ಚೀಟಿ ನೋಡಿ ಯಾರೋ ಅವಸರದಲ್ಲಿ ಟೈಪ್ ಮಾಡಿದ್ದರಿಂದ ಎಷ್ಟೋ ವಿಳಾಸಗಳೇ ತಪ್ಪಿದ್ದವು. ಇಲ್ಲದ ಮನೆಗಳ ಬಾಗಿಲು ಬಡಿದಂತೆ ಮೇಲ್‌ಗಳು ಹಿಂದಿರುಗುತ್ತಿದ್ದವು. ಇನ್ನೊಂದು, ದೂರುಗಳದು. ಬಂದ ಮೇಲನ್ನು ಯಾರಾದರೂ ‘ಸ್ಪ್ಯಾಮ್’ ಎಂದು ಒತ್ತಿದರೆ ಆ ಅಂಕಣ ಏರುತ್ತದೆ. ಅದು ನಿಧಾನವಾಗಿ ಏರಿ, ಹಳದಿಯಾಗಿ, ನಾನು ಮುಂದಿನ ಕಂತನ್ನು ತಡೆಯಲು ಕೈ ಹಾಕುವಷ್ಟರಲ್ಲಿ ಕೆಂಪಾಯಿತು. ಪರದೆಯ ಮೇಲೆ ಪಟ್ಟಿಯೊಂದು ಬಂದು ನಿಂತಿತು: ‘ನಿಮ್ಮ ಖಾತೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ.’

“ಏನಂತೈತದು?” ಕಾಕಾ ಕೇಳಿದರು.

“ಅಂಗಡಿಗೆ ಬೀಗಾ ಹಾಕೇತ್ರಿ.”

ಆ ಬೀಗ ಮಾವಿಗೆ ಮಾತ್ರ ಬಿದ್ದಿದ್ದರೆ ಒಂದು ಮಾತು. ಮೇಲ್ ಕಳಿಸುವ ಕಂಪನಿಯಲ್ಲಿ ನನ್ನದು ಒಂದೇ ಖಾತೆ. ನನ್ನ ಗಿರಾಕಿಗಳೆಲ್ಲರ ಮೇಲ್ ಅಂಗಡಿಯ ಒಂದೇ ಹೆಸರಿನಿಂದ ಹೋಗುತ್ತಿತ್ತು. ಅವರಲ್ಲೊಬ್ಬರು ಕೋಗಿಲಬನದ ಹತ್ತಿರ ಹೋಂಸ್ಟೇ ನಡೆಸುವ ಮಹಿಳೆ. ಬೆಳಗಾವಿ ಕಡೆಯವರು, ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತೇನೆ. ಕೋಣೆ ಕಾಯ್ದಿರಿಸಿದವರಿಗೆ ಪಕ್ಕಾ ಆದ ಸುದ್ದಿ, ಬರುವ ದಾರಿ, ಗೇಟಿನ ಗುರುತು ಎಲ್ಲ ತಾನಾಗಿಯೇ ನನ್ನ ಖಾತೆಯಿಂದ ಹೋಗುತ್ತಿತ್ತು. ಮಧ್ಯಾಹ್ನ ಅವರ ಫೋನ್ ಬಂತು.

“ಏನ್ ನಡಸಿರಿ ನೀವು? ಹುಬ್ಬಳ್ಳಿಯಿಂದ ಬಂದ ಮಂದಿ ದಾಂಡೇಲಿ ದಾಟಿ ಗಣೇಶಗುಡಿ ಊರಿಗೆ ಹೋಗಿ ನಿಂತಾರ! ದಾರಿ ಹೇಳೂ ಮೇಲ್ ಬಂದಿಲ್ಲಂತ. ಸಣ್ಣ ಮಕ್ಕಳದಾವ, ಹಸಗೊಂಡಾವ. ನಾ ಇಲ್ಲಿ ಅಡಿಗಿ ಮಾಡಿಟ್ಟು ಗೇಟಿನಾಗ ನಿಂತೇನಿ!”

ಕ್ಷಮೆ ಕೇಳಿ, ಆ ಕುಟುಂಬದವರ ನಂಬರು ಪಡೆದು ನಾನೇ ಫೋನ್ ಮಾಡಿ ದಾರಿ ಹೇಳಿದೆ. ಆಮೇಲೆ ವೈನಿಗೆ ಮತ್ತೆ ಫೋನ್ ಹಚ್ಚಿ, ಮುಂದಿನ ಕೆಲವು ದಿನ ಬರುವ ಎಲ್ಲರಿಗೂ ಇಬ್ಬರೂ ಹಂಚಿಕೊಂಡು ಬಾಯಿಂದಲೇ ಸುದ್ದಿ ಮುಟ್ಟಿಸೋಣ ಎಂದೆ. ಆಗಲಿ ಎಂದರು. ಆದರೆ ಫೋನ್ ಇಡುವ ಮೊದಲು ಒಂದು ಮಾತು ಹೇಳಿದರು. “ಮಾವಿನವ್ರ ಆಮಂತ್ರಣದ ಸಲುವಾಗಿ ನನ್ನ ಮನಿಗೆ ಬರೂ ಮಂದಿ ದಾರಿ ತಪ್ಪಬೇಕೇನು?”

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಮೈಸೂರು ಕಡೆಯ ಮಾತಿನ ಹುಡುಗ, ತುಂಬಾ ಸಮಾಧಾನಿ.

“ಮೇಡಂ, ನೀವು ಕಳಿಸಿದ್ದು ಏನು?”

“ಬರೇ ಆಮಂತ್ರಣ ರೀ. ಪತ್ರಾ ಅಲ್ಲ, ಜಾಹೀರಾತೂ ಅಲ್ಲ. ಸೇರ್ತೀರೇನು ಅಂತ ಕೇಳಿದ್ದು.”

“ಅವರು ನಿಮ್ಮನ್ನ ಮೊದಲು ಏನಾದ್ರೂ ಕೇಳಿದ್ರಾ?”

“ಅವ್ರಿಗೆ ಬೇಕೋ ಬ್ಯಾಡೋ ಅಂತ ತಿಳಕೊಳ್ಳಾಕನ ಆಮಂತ್ರಣ ಕಳಿಸಿದ್ದಲ್ರಿ.”

ಅವನು ಮೆತ್ತಗೆ ಹೇಳಿದ. “ಮೇಡಂ, ಎಲ್ಲಾ ಅಂಗಡಿಯವರೂ ಹಾಗೆ ಒಂದೊಂದೇ ಆಮಂತ್ರಣ ಕಳಿಸಿದ್ರೆ ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಬರುತ್ತೆ ಯೋಚನೆ ಮಾಡಿ. ನಮ್ಮ ಲೆಕ್ಕದಲ್ಲಿ ಕೇಳದೇ ಬಂದ ಆಮಂತ್ರಣವೂ ಸ್ಪ್ಯಾಮೇ.”

ಖಾತೆ ತೆರೆಯಲು ಒಂದು ವಿವರಣೆ ಕೊಡಬೇಕಿತ್ತು: ವಿಳಾಸಗಳು ಎಲ್ಲಿಂದ ಬಂದವು, ಇನ್ನು ಮುಂದೆ ಏನು ಬದಲಾಯಿಸುತ್ತೀರಿ. ಪಕ್ಕದಲ್ಲೇ ಒಂದು ಚೌಕವೂ ಇತ್ತು: ‘ಈ ವಿಳಾಸದವರೆಲ್ಲರೂ ತಾವಾಗಿ ಕೇಳಿ ಸೇರಿದವರು.’ ಅದರಲ್ಲಿ ಗುರುತು ಹಾಕಿದರೆ ಖಾತೆ ಬೇಗ ತೆರೆಯುತ್ತದೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಯಾರೂ ಬಂದು ಪರೀಕ್ಷಿಸುವುದಿಲ್ಲ.

“ಹಾಕಿಬಿಡು ಮತ್ತ,” ಎಂದರು ಕಾಕಾ. “ಕೈಯಾರೆ ಬರದು ಕೊಟ್ಟಾರ ಅಂತ ನಾ ಹೇಳಾಕತ್ತೇನಿ.”

“ಏನಂತ ಬರದು ಕೊಟ್ಟಾರ್ರಿ ಕಾಕಾ? ಮಾವಿನ ಪತ್ರಾ ಬೇಕಂತ ಬರದಾರೇನು?”

ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಮುಚ್ಚಿಡುವ ಸ್ವಭಾವದವರಲ್ಲ. “ಲಕ್ಕಿ ಡ್ರಾ ಇತ್ತವ್ವಾ. ಮಿಕ್ಸರ್ ಇಟ್ಟಿದ್ರು. ಚೀಟಿಯೊಳಗ ಹೆಸರು, ವಿಳಾಸಾ ಬರದು ಡಬ್ಬಿಯೊಳಗ ಹಾಕೂದು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಕ್ಕವರು ಅವರೇ. ಆದರೆ ನಕ್ಕು ಮುಗಿದ ಮೇಲೂ ವಾದ ಬಿಡಲಿಲ್ಲ. “ಆದ್ರೂ ನೋಡು. ಲಗ್ನಕ್ಕ ಕರೀಬೇಕಾದ್ರ ನಾವು ಮೊದಲ ಹೋಗಿ ‘ನಿಮಗ ಪತ್ರಿಕಾ ಕೊಡಬಹುದೇನ್ರಿ’ ಅಂತ ಕೇಳ್ತೇವೇನು? ಸೀದಾ ಹೋಗಿ ಕೊಡ್ತೇವಿ. ಅದೂ ಸ್ಪ್ಯಾಮ್ ಏನು?”

ನಾನು ಉತ್ತರ ಹುಡುಕುತ್ತಿರುವಾಗಲೇ ಅಂಗಡಿಯ ಫೋನ್ ರಿಂಗಾಯಿತು. ಮೇಲ್‌ನ ಕೊನೆಯಲ್ಲಿ ಹಾಕಿದ್ದ ನಂಬರು ನೋಡಿ ಧಾರವಾಡದಿಂದ ಒಬ್ಬರು ಫೋನ್ ಮಾಡಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅಕ್ಕೋರು ಎಂದು ಪರಿಚಯ ಹೇಳಿಕೊಂಡರು. ದನಿಯಲ್ಲಿ ಇನ್ನೂ ತರಗತಿ ಇತ್ತು.

“ಯಾರ್ರಿ ನೀವು? ನನ್ನ ವಿಳಾಸಾ ನಿಮಗ ಹೆಂಗ ಸಿಕ್ತು? ನಾ ಈ ವಿಳಾಸಾ ಎಲ್ಲೆಲ್ಲೂ ಕೊಡೂದಿಲ್ಲ. ಒಂದ ಸಲ ಹಣ್ಣಿನ ಪ್ರದರ್ಶನದಾಗ ಮಿಕ್ಸರ್ ಆಸೆಗೆ ಚೀಟಿ ಹಾಕಿದ್ದೆ. ಮಿಕ್ಸರ್ ಬರಲಿಲ್ಲ, ನೀವು ಬಂದ್ರಿ!”

ಸ್ಪೀಕರ್ ಹಾಕಿದ್ದೆ. ಕಾಕಾನಿಗೆ ತಡೆಯಲಾಗಲಿಲ್ಲ. ಕೈಸನ್ನೆ ಮಾಡಿ ಫೋನ್ ಇಸಿದುಕೊಂಡರು.

“ಶರಣ್ರಿ ಅಕ್ಕೋರ. ನಾ ಇಂದೂರಿನ ಮಾವಿನ ಸಂಘದ ಅಧ್ಯಕ್ಷ. ತಪ್ಪು ತಿಳೀಬ್ಯಾಡ್ರಿ, ಅದು ಆಮಂತ್ರಣ ರೀ. ಬರ್ರಿ ಅಂತ ಪ್ರೀತಿಲೆ ಕರದದ್ದು.”

“ಆಮಂತ್ರಣ ಕೊಡಾಕ ನಮ್ಮನಿಗೆ ಬಂದಿದ್ರೇನು?”

“ಇಲ್ರಿ…”

“ಬಂದು, ಕುಂತು, ಎರಡು ಮಾತಾಡಿ, ಚಾ ಕುಡದು ಹೋಗಿದ್ರ ಅದು ಆಮಂತ್ರಣ. ಕರಿಯೂ ತ್ರಾಸು ಕರಿಯೂವ್ರು ತಗೋಬೇಕು. ನೀವೇನ್ ಮಾಡಿದ್ರಿ? ಒಂದು ಗುಂಡಿ ಒತ್ತಿದ್ರಿ. ಓದೂ ತ್ರಾಸು, ತಗದು ಹಾಕೂ ತ್ರಾಸು, ಬ್ಯಾಡ ಅನ್ನೂ ತ್ರಾಸು, ಎಲ್ಲಾ ನನಗ ಹಚ್ಚಿದ್ರಿ. ದಿನಾ ಮುಂಜಾನೆ ಎದ್ದು ಇದನ್ನ ಮಾಡಾಕ ಹತ್ತೇನಿ ನಾನು.”

ಕಾಕಾ ಮಾತಿನಲ್ಲಿ ಸೋಲುವವರಲ್ಲ. ಸಂಘದ ಸಭೆಗಳಲ್ಲಿ ಅವರ ಎದುರು ನಿಂತು ಗೆದ್ದವರನ್ನು ನಾನು ಕಂಡಿಲ್ಲ. ಈಗ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಅದನ್ನೇ ನೋಡಿದರು. ಆಮೇಲೆ ಬಹಳ ಸಹಜವಾಗಿ ಹೇಳಿದರು.

“ಖರೇನ್ರಿ ಅಕ್ಕೋರ. ಹಂಗಾರ ನಾ ಮನಿಗೆ ಬಂದು ಕರೀತೇನ್ರಿ.”

ಅಕ್ಕೋರು ಇದನ್ನು ನಿರೀಕ್ಷಿಸಿರಲಿಲ್ಲ ಎಂದು ಕಾಣುತ್ತದೆ. ನಕ್ಕುಬಿಟ್ಟರು. “ನಮ್ಮೊಬ್ಬರ ಮನಿಗೆ ಯಾಕ ಬರ್ತೀರಿ? ನಮ್ಮ ಕಾಲನಿ ಗುಡಿ ಬಾಜೂಕ ಬಯಲೈತಿ. ರವಿವಾರ ಮುಂಜಾನೆ ಎಲ್ಲಾರೂ ಅಲ್ಲೇ ಅಡ್ಡಾಡತಿರ್ತಾರ. ಹಣ್ಣು ತಗೊಂಡು ಬಂದು ನಿಲ್ರಿ. ಬೇಕಾದವ್ರು ತಾವ ಬಂದು ಕೇಳ್ತಾರ. ಗುಡಿ ಕಮಿಟಿಯವ್ರಿಗೆ ನಾ ಹೇಳ್ತೇನಿ.”

ಫೋನ್ ಇಟ್ಟ ಮೇಲೆ ನಾನು ಆ ಚೌಕವನ್ನು ಖಾಲಿ ಬಿಟ್ಟೆ. ಕಂಪನಿಗೆ ಇದ್ದದ್ದು ಇದ್ದ ಹಾಗೆ ಬರೆದೆ: ವಿಳಾಸಗಳು ಬಹುಮಾನದ ಚೀಟಿಯಿಂದ ಬಂದವು, ಯಾರೂ ಪತ್ರ ಕೇಳಿರಲಿಲ್ಲ, ಆಮಂತ್ರಣವಾದರೆ ನಡೆಯುತ್ತದೆಂದು ನಾನು ಭಾವಿಸಿದ್ದೆ. ‘ಹೌದು, ಕಳಿಸಿ’ ಎಂದವರನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅಳಿಸುತ್ತಿದ್ದೇನೆ. ಅಳಿಸುವ ಗುಂಡಿಯ ಮೇಲೆ ಕೈಯಿಟ್ಟು ಕಾಕಾನ ಕಡೆ ನೋಡಿದೆ.

“ಒತ್ತು,” ಎಂದರು. “ನನ್ನ ಪೆನ್‌ಡ್ರೈವಿನಾಗಿಂದೂ ತಗದ್ಹಾಕು. ಇದ್ರ ನನಗ ಮತ್ತ ಆಸೆ ಆಗತೈತಿ.”

ಅಂದು ಸಂಜೆ ಪಾಳಿ ಮುಗಿಸಿ ಮಿಲ್ಲಿನಿಂದ ಬಂದ ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರಿಗೆ ಮೇಲ್ ವಿಷಯ ಗೊತ್ತಿಲ್ಲ, ಯಂತ್ರದ ವಿಷಯ ಗೊತ್ತು. “ಒಬ್ಬರ ಸಲುವಾಗಿ ಎಲ್ಲಾರದೂ ಬಂದ್ ಬಿತ್ತು ಅಂದ್ರ ನೀ ಎಲ್ಲಾರನ್ನೂ ಒಂದ ಲೈನಿಗೆ ಯಾಕ ಹಾಕಿದ್ದಿ?” ಎಂದು ಕೇಳಿದರು. ಸರಿಯಾದ ಪ್ರಶ್ನೆ. ಮರುದಿನದಿಂದ ಅದೇ ಕೆಲಸ ಹಿಡಿದೆ. ಹೋಂಸ್ಟೇಗೆ ಬೇರೆ ಹೆಸರು, ಮಾವಿಗೆ ಬೇರೆ ಹೆಸರು, ಅಂಗಡಿಯದು ಬೇರೆ. ಪ್ರತಿಯೊಂದಕ್ಕೂ ‘ಈ ಮೇಲ್ ನಿಜವಾಗಿಯೂ ಇವರಿಂದಲೇ ಹೊರಟದ್ದು’ ಎಂದು ಸಾರುವ ಗುರುತಿನ ಸಾಲುಗಳನ್ನು ಪ್ರತ್ಯೇಕವಾಗಿ ಬರೆದು ಸೇರಿಸಬೇಕು. ಒಂದು ಚುಕ್ಕಿ ತಪ್ಪಿದರೂ ಅವು ಹಿಡಿಯುವುದಿಲ್ಲ. ವೈನಿಯ ಸಾಲಿನಲ್ಲಿ ನಾನು ಹಾಗೆಯೇ ಒಂದು ಚುಕ್ಕಿ ಬಿಟ್ಟು ಅರ್ಧ ದಿನ ಒದ್ದಾಡಿದೆ. ನಡುನಡುವೆ ಬರುವ ಅತಿಥಿಗಳಿಗೆ ಫೋನ್ ಮಾಡಿ ದಾರಿ ಹೇಳುವುದು ಬೇರೆ. ಒಬ್ಬ ಅಜ್ಜ ಇಡೀ ಪ್ರಯಾಣದ ಉದ್ದಕ್ಕೂ ನನಗೇ ಫೋನ್ ಮಾಡಿ, ಎಡಕ್ಕೆ ಕಂಡ ಮರ ಯಾವುದು, ಬಲಕ್ಕೆ ಕಂಡ ಕೋತಿ ಯಾವ ಜಾತಿ ಎಂದೆಲ್ಲ ಕೇಳಿದರು.

ಖಾತೆ ತೆರೆಯಿತು, ಆದರೆ ಷರತ್ತಿನ ಮೇಲೆ. ದಿನಕ್ಕೆ ಸ್ವಲ್ಪವೇ ಮೇಲ್ ಕಳಿಸಬೇಕು, ನಡತೆ ನೋಡಿ ಮುಂದಿನ ಮಾತು. ಸಹಾಯವಾಣಿಯ ಹುಡುಗನೇ ಫೋನ್ ಮಾಡಿ, “ಆ ಚೌಕ ಖಾಲಿ ಬಿಟ್ಟವರನ್ನ ನಾನು ಇದೇ ಮೊದಲು ನೋಡ್ತಿರೋದು ಮೇಡಂ,” ಎಂದ.

ರವಿವಾರ ಬೆಳಿಗ್ಗೆ ಇಂದೂರಿನಿಂದ ಟೆಂಪೋ, ದಾಂಡೇಲಿಯಿಂದ ನಾನು, ಧಾರವಾಡದ ಆ ಗುಡಿಯ ಬಯಲಿನಲ್ಲಿ ಸೇರಿದೆವು. ಹುಲ್ಲು ಸರಿಸಿ ಪೆಟ್ಟಿಗೆಯ ಬಾಯಿ ತೆರೆದದ್ದೇ ತಡ, ವಾಸನೆ ಗುಡಿಯ ಮೆಟ್ಟಿಲವರೆಗೆ ಹೋಯಿತು. ನಾನು ಒಂದು ಬೋರ್ಡು ಬರೆದು ತಂದಿದ್ದೆ: ‘ವಾರದ ಮಾವಿನ ಪತ್ರ ಬೇಕಾದವರು ಈ ಕ್ಯೂಆರ್ ಗುರುತನ್ನು ನಿಮ್ಮ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿರಿ.’ ಹಾಗೆ ಮಾಡಿ ತಮ್ಮ ಮೇಲ್ ವಿಳಾಸ ತುಂಬಿದವರಿಗೆ ‘ಕೇಳಿದ್ದು ನೀವೇ ಹೌದೇ’ ಎಂದು ಒಂದು ಮೇಲ್ ಹೋಗುತ್ತದೆ. ಅದಕ್ಕೆ ಹೌದು ಎಂದು ಒತ್ತಿದರೆ ಮಾತ್ರ ಸೇರಿದಂತೆ. ಒತ್ತದಿದ್ದವರ ತಂಟೆಗೆ ನಾವು ಹೋಗುವುದಿಲ್ಲ.

ಅಕ್ಕೋರು ಬಂದರು. ಸಣ್ಣ ಆಳು, ದೊಡ್ಡ ಕನ್ನಡಕ, ಕೈಯಲ್ಲಿ ಬಟ್ಟೆಯ ಚೀಲ. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು ಎರಡೂ ಕೈ ಜೋಡಿಸಿ, “ಅಕ್ಕೋರ, ಮಾವಿನಹಣ್ಣು ತಿನ್ನಾಕ ಬರ್ರಿ,” ಎಂದು ಲಗ್ನಕ್ಕೆ ಕರೆಯುವ ಗಾಂಭೀರ್ಯದಿಂದ ಕರೆದು, ಹೋಳು ಮಾಡಿದ ತಟ್ಟೆ ಮುಂದೆ ಹಿಡಿದರು. ಅಕ್ಕೋರು ಒಂದು ಹೋಳು ತಿಂದರು. ಇನ್ನೊಂದು ತಿಂದರು. ಆಮೇಲೆ ಹಿಂದಿರುಗಿ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರಿಗೆ, “ಬರ್ರೆ ಇಲ್ಲಿ,” ಎಂದು ಕೂಗಿದರು.

ಜನ ಸೇರಿದರು, ಮೊಬೈಲುಗಳು ಹೊರಬಂದವು, ಬೋರ್ಡಿನ ಗುರುತನ್ನು ಸ್ಕ್ಯಾನ್ ಮಾಡಿದರು. ಆಗ ಹೊಸ ತೊಂದರೆ. “ಮೇಲ್ ಬಂದಿಲ್ಲಲ್ರಿ,” ಎಂದರು ಒಬ್ಬರು. “ನನಗೂ ಬಂದಿಲ್ಲ,” ಎಂದರು ಇನ್ನೊಬ್ಬರು. ಪರದೆಯಲ್ಲಿ ನೋಡಿದರೆ ಮೇಲ್ ಹೋಗಿದೆ. ಒಬ್ಬ ಹೆಂಗಸಿನ ಮೊಬೈಲು ಇಸಿದುಕೊಂಡು ಹುಡುಕಿದೆ. ನಮ್ಮ ಮೇಲ್ ಅಲ್ಲೇ ಇತ್ತು, ಸ್ಪ್ಯಾಮ್ ಡಬ್ಬಿಯಲ್ಲಿ, ಲಾಟರಿ ಹೊಡೆದಿದೆ ಎನ್ನುವವರ ಮತ್ತು ಒಂದೇ ವಾರದಲ್ಲಿ ಬಕ್ಕತಲೆಗೆ ಕೂದಲು ಬರಿಸುವವರ ನಡುವೆ. ಆಮಂತ್ರಣದಿಂದ ನಾವು ಕಳೆದುಕೊಂಡ ಹೆಸರು ಅಷ್ಟು ಸುಲಭವಾಗಿ ಮರಳಿರಲಿಲ್ಲ. ಹೆಸರು ಬದಲಿಸಿದರೂ ಜರಡಿ ನಮ್ಮನ್ನು ಗುರುತಿಸಿತ್ತು.

ತಲೆ ತಗ್ಗಿಸಿ ಕಾಕಾನಿಗೆ ಹೇಳಿದೆ. “ಅದನ್ನ ಅಲ್ಲಿಂದ ಹೊರಗ ತಗದು, ‘ಸ್ಪ್ಯಾಮ್ ಅಲ್ಲ’ ಅಂತ ಅವ್ರ ಒತ್ತಬೇಕು. ಬಹಳ ಮಂದಿ ಹಂಗ ಒತ್ತಿದ್ರ ನಮ್ಮ ಹೆಸರು ಸುಧಾರಸತೈತಿ. ಆದ್ರ ಅಷ್ಟು ತ್ರಾಸು ಯಾರ್ ತಗೋತಾರ?”

“ತಾಳು,” ಎಂದರು ಕಾಕಾ. ಹೋಳಿನ ತಟ್ಟೆ ಹಿಡಿದುಕೊಂಡು ಜನರ ನಡುವೆ ನಡೆದರು. ಅವರ ದನಿ ಬಯಲಿನ ಆ ತುದಿಗೂ ಕೇಳುತ್ತಿತ್ತು.

“ತಾಯಿ, ಸ್ಪ್ಯಾಮ್ ಡಬ್ಬಿ ತಗೀರಿ. ನಾವು ಅದರಾಗ ಅದೇವಿ. ಹೌದ್ರಿ, ತಪ್ಪು ಮಾಡಿ ಒಳಗ ಬಿದ್ದೇವಿ. ಹೊರಗ ಎಳೀರಿ, ಪುಣ್ಯಾ ಬರತೈತಿ! ಎಲ್ಲಿ, ತೋರಸ್ರಿ… ಹಾಂ, ಅದರ ಕೆಳಗ ನೋಡ್ರಿ, ಕೂದಲಾ ಬರಸೂವನ ಬಾಜೂಕ… ಅದ ನಾನು!”

ಜನ ನಗುತ್ತಾ ತಮ್ಮ ತಮ್ಮ ಡಬ್ಬಿ ತೆರೆದರು. ಗೊತ್ತಿಲ್ಲದವರಿಗೆ ಗೊತ್ತಿದ್ದವರು ತೋರಿಸಿಕೊಟ್ಟರು. ಒಬ್ಬರು ತಮ್ಮ ಮೊಮ್ಮಗಳ ಶಾಲೆಯ ಮೇಲ್ ಕೂಡ ಅಲ್ಲೇ ಬಿದ್ದಿರುವುದನ್ನು ಕಂಡುಹಿಡಿದು, “ಚಲೋ ಆತು ಬಂದದ್ದು!” ಎಂದರು. ‘ಸ್ಪ್ಯಾಮ್ ಅಲ್ಲ’ ಎಂದು ಒತ್ತಿದವರಿಗೆಲ್ಲ ಕಾಕಾ ಒಂದೊಂದು ಹೋಳು ಕೊಡುತ್ತಾ ಹೋದರು. ನಾನು ಟೆಂಪೋದ ನೆರಳಿನಲ್ಲಿ ನಿಂತು ಪರದೆ ನೋಡುತ್ತಿದ್ದೆ. ಹತ್ತರಲ್ಲಿ ಒಬ್ಬರು ಇಬ್ಬರು ಒತ್ತಿಯಾರು ಎಂದುಕೊಂಡಿದ್ದವಳಿಗೆ ಹೆಸರುಗಳು ಸಾಲುಗಟ್ಟಿ ಕಾಣಿಸತೊಡಗಿದವು. ಬಿಸಿಲು ಏರುವ ಮೊದಲು ಕೊನೆಗೆ ಬಂದ ಕೆಲವರಿಗೆ ಮೇಲ್ ಸೀದಾ ಇನ್‌ಬಾಕ್ಸಿನ ಮುಂಬಾಗಿಲಿಗೇ ಬಂದಿತ್ತು. ಅದು ಕಂಡಾಗ ನಾನು ಪರದೆಯನ್ನು ಕಾಕಾನಿಗೆ ತೋರಿಸಿದೆ. ಅವರಿಗೆ ಅದರ ಮಹಿಮೆ ಅಷ್ಟು ಅರ್ಥವಾಗಲಿಲ್ಲ, ಆದರೂ ನನ್ನ ಮುಖ ನೋಡಿ ನನ್ನ ಬಾಯಿಗೂ ಒಂದು ಹೋಳು ಹಾಕಿದರು.

ಅಕ್ಕೋರು ಮಾತ್ರ ಮೊಬೈಲು ತೆಗೆಯಲಿಲ್ಲ. ಹಣ್ಣು ಆರಿಸಿ ಚೀಲಕ್ಕೆ ತುಂಬಿಕೊಂಡರು.

“ಅಕ್ಕೋರ, ಪತ್ರಕ್ಕ ಸೇರ್ಕೋತೀರೇನ್ರಿ?” ನಾನೇ ಕೇಳಿದೆ.

“ಬ್ಯಾಡ,” ಎಂದರು, ಸ್ವಲ್ಪವೂ ಯೋಚಿಸದೆ. “ಹಣ್ಣು ಚಲೋ ಅದಾವ, ಮೇಲ್ ಬ್ಯಾಡ. ನೀವು ಬಂದದ್ದು ಗುಡಿ ಕಟ್ಟಿಮ್ಯಾಲ ಕುಂತ್ರ ನನಗ ಗೊತ್ತಾಗತೈತಿ.”

ನನಗೆ ಒಂದು ಗಳಿಗೆ ಪಿಚ್ಚೆನಿಸಿತು. ಕಾಕಾ ಮಾತ್ರ ಖುಷಿಯಲ್ಲಿ ತಲೆಯಾಡಿಸಿದರು. “ಬ್ಯಾಡ ಅನ್ನೂದು ಅವ್ರಿಗೆ ಬಿಟ್ಟದ್ದು. ಎದುರಿಗೆ ನಿಂತು ಬ್ಯಾಡ ಅಂದ್ರ ಎಷ್ಟ ಹಗುರ ನೋಡು!”

ಆಮೇಲಿನ ವಾರಗಳಲ್ಲಿ ಹಾಗೆಯೇ ಬೇರೆ ಕಾಲನಿಗಳಲ್ಲಿ, ಹಳಿಯಾಳದ ಸಂತೆಯ ದಿನ ಅಲ್ಲಿಯೂ ನಿಂತೆವು. ಪೆನ್‌ಡ್ರೈವಿನ ಆ ಉದ್ದನೆಯ ರಾಶಿಗೆ ಹೋಲಿಸಿದರೆ ಸೇರಿದವರು ಕಡಿಮೆಯೇ. ಆದರೆ ಪತ್ರ ಹೋದ ಮುಂಜಾನೆಯೇ ಪೆಟ್ಟಿಗೆಗಳು ಹಂಚಿಹೋಗುತ್ತಿದ್ದವು. ಹುಲ್ಲಿನ ಮೇಲಿದ್ದ ಹಣ್ಣು ಕೊಳೆಯದೆ ಮುಗಿಯಿತು. ವೈನಿಯ ಅತಿಥಿಗಳು ದಾರಿ ತಪ್ಪುವುದು ನಿಂತಿತು. ಆ ಅಜ್ಜ ಮಾತ್ರ ಈಗಲೂ ಆಗಾಗ ಫೋನ್ ಮಾಡುತ್ತಾರೆ. ಖಾತೆಯ ಷರತ್ತನ್ನು ಕಂಪನಿ ತಾನಾಗಿ ತೆಗೆಯಿತು.

ಮೊದಲ ದೊಡ್ಡ ಮಳೆ ಬಿದ್ದ ವಾರ ‘ಈ ವರ್ಷದ ಹಣ್ಣು ಮುಗಿಯಿತು, ಧನ್ಯವಾದ’ ಎಂದು ಕೊನೆಯ ಪತ್ರ ಕಳಿಸಿದೆ. ಮಾವಿನ ಕೆಲಸ ಅಲ್ಲಿಗೆ ಮುಗಿದಿತ್ತು. ಮುಂದಿನ ವಾರ, ಪತ್ರ ಹೋಗುವ ದಿನ, ನಾನು ಯಾವುದೋ ಬ್ಯಾನರಿನ ಕೆಲಸದಲ್ಲಿದ್ದಾಗ ಒಂದು ಮೇಲ್ ಬಂತು. ‘ಈ ವಾರ ಮಾವಿನ ಪತ್ರ ಬಂದಿಲ್ಲವಲ್ಲ?’ ಮಧ್ಯಾಹ್ನ ಇನ್ನೊಂದು: ‘ಹಣ್ಣು ಇಲ್ಲವೆಂದು ಗೊತ್ತು. ಆದರೂ ಮುಂಜಾನೆ ಪತ್ರ ಓದಿ ರೂಢಿಯಾಗಿತ್ತು.’ ಸಂಜೆಯೊಳಗೆ ಇನ್ನೂ ಕೆಲವು ಬಂದವು.

ನಾನು ಇಷ್ಟು ವರ್ಷ ಮೇಲ್ ಕಳಿಸಿದ್ದೇನೆ. ಬಂದಿದ್ದೇಕೆ ಎಂದು ಕೇಳಿದವರನ್ನು ಕಂಡಿದ್ದೆ; ಬಂದಿಲ್ಲವೇಕೆ ಎಂದು ಕೇಳಿದ್ದು ಅದೇ ಮೊದಲು. ಇಂದೂರಿಗೆ ಫೋನ್ ಮಾಡಿ ಒಂದೊಂದನ್ನೂ ಓದಿ ಹೇಳಿದೆ. ಕಾಕಾ ಹೊಲದಲ್ಲಿದ್ದರು, ಹಿಂದೆ ಮಳೆಯ ಸದ್ದು ಕೇಳುತ್ತಿತ್ತು.

“ಇನ್ನ ಮಾರಾಕ ಏನೂ ಇಲ್ಲಲ್ಲವ್ವಾ. ಏನಂತ ಬರಿಯೂಣು?”

“ಅವ್ರು ಹಣ್ಣು ಕೇಳಿಲ್ರಿ ಕಾಕಾ. ಪತ್ರಾ ಕೇಳ್ಯಾರ.”

ಕಾಕಾ ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಮಾತಾಡುವವರಂತೆ ನಿಧಾನವಾಗಿ ಹೇಳಿದರು. ನಾನು ಹಾಗೆಯೇ ಟೈಪ್ ಮಾಡಿದೆ.

“ಬರಿ. ಇಂದೂರದಾಗ ಮಳಿ ಚಲೋ ಹಿಡದೈತಿ. ಗಿಡಾ ಎಲ್ಲಾ ತೊಳದಂಗ ಆಗ್ಯಾವ. ನಾವು ಭತ್ತದ ಕೆಲಸಕ್ಕ ಹತ್ತೇವಿ. ಈ ಪತ್ರದಾಗ ತಗೋಳ್ಳಾಕ ಏನೂ ಇಲ್ಲ. ನೀವೆಲ್ಲಾ ಆರಾಮ ಅದೀರಿ?”